ಮೊದಲು ಒಂದೇ ಒಂದು ಚುಕ್ಕಿ

ಬೆಂಗಳೂರು
ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ನಿನ್ನ ಡಿಸ್‌ಪ್ಲೇ ಸತ್ತಿಲ್ಲ. ಫೋಟೋ ನೋಡಿದೆ. ಹಿಂದಿನ ದೀಪ ಚೆನ್ನಾಗಿ ಉರೀತಿದೆ, ಮುಂದೆ ಏನೂ ಇಲ್ಲ. ಅಷ್ಟಕ್ಕೇ "ಪೀಸೇ ಹೋಗಿದೆ, ಇನ್ನೊಂದು ತಗೋಬೇಕು" ಅಂತ ತೀರ್ಮಾನ ಮಾಡಿಬಿಟ್ಟಿದ್ದೀಯ. ಹೊಸದು ತಂದರೂ ಹೀಗೇ ಇರುತ್ತೆ ಕಣೋ. ಫೋನಲ್ಲಿ ಹೇಳೋಣ ಅಂದುಕೊಂಡೆ, ಆದರೆ ನೀನು ಎಲ್ಲದಕ್ಕೂ "ಹ್ಞೂಂ ಚಿಕ್ಕಮ್ಮ" ಅಂದು ಅರ್ಧ ಮರೆತಿರ್ತೀಯ. ಅದಕ್ಕೇ ಬರೀತಿದ್ದೀನಿ. ಮಲ್ಟಿಮೀಟರ್ ಪಕ್ಕದಲ್ಲಿಟ್ಟುಕೊಂಡು ಓದು.

ಮೊದಲು ಆ ಇಂಗ್ಲಿಷ್ ವಿಷಯ. ನಿಮ್ಮ ಗೈಡ್ ಸರ್ "ಇಷ್ಟೆಲ್ಲ ಯಾಕಪ್ಪ, ಸಾದಾ ಎರಡು ಸಾಲಿನ ಎಲ್‌ಸಿಡಿ ಹಾಕಿ ಇಂಗ್ಲಿಷಲ್ಲಿ ತೋರಿಸು" ಅಂದರಂತೆ. ಮಾರ್ಕ್ಸಿನ ಲೆಕ್ಕದಲ್ಲಿ ಅವರು ಹೇಳಿದ್ದು ಸರಿಯೇ, ಒಂದು ಸಂಜೆಯ ಕೆಲಸ ಅದು. ಆ ಎಲ್‌ಸಿಡಿಯ ಕಂಟ್ರೋಲರ್ ಹಿಟಾಚಿಯವರ ಎಚ್‌ಡಿ44780 ವಂಶದ್ದು. ಇಂಗ್ಲಿಷ್ ಅಕ್ಷರ ಅದರೊಳಗೇ ಅಚ್ಚಾಗಿ ಕೂತಿದೆ. ಸಾಮಾನ್ಯವಾಗಿ ಸಿಗೋ ಮಾದರಿಯಲ್ಲಿ ಜಪಾನಿನ ಕತಕಾನ ಕೂಡ ಇದೆ, ಮಾಡಿದವರು ಅವರಲ್ಲವೇ. ಕನ್ನಡ ಇಲ್ಲ. ನಮ್ಮದೇ ಅಕ್ಷರ ತುಂಬಿಕೊಳ್ಳೋಕೆ ಎಂಟು ಜಾಗ ಕೊಟ್ಟಿದ್ದಾರೆ, ಒಂದೊಂದೂ 5 ಚುಕ್ಕಿ ಅಗಲ, 8 ಚುಕ್ಕಿ ಎತ್ತರ. ಹಾಲಿನ 'ಫ್ಯಾಟ್'ನ 'ಫ್ಯಾ' ಅನ್ನೋದನ್ನ ಐದು ಚುಕ್ಕಿ ಅಗಲದಲ್ಲಿ ಬರೆದು ತೋರಿಸು, ನಾನೇ ನಿಮ್ಮ ಸರ್‌ಗೆ ಫೋನ್ ಮಾಡಿ ಒಪ್ಪಿಸ್ತೀನಿ.

ಆದರೆ ನೀನು ಈ ಹಾಲಿನ ಲೆಕ್ಕದ ಪರದೆ ಮಾಡ್ತಿರೋದು ಅಜ್ಜಿಗೆ. ನಮ್ಮಮ್ಮ ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ಪೇಪರಿನ ದಪ್ಪ ಅಕ್ಷರ ಕೂಡಿಸಿಕೊಂಡು ಓದ್ತಾಳೆ, ಇಂಗ್ಲಿಷ್ ಬರಲ್ಲ. ದಿನಾ ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಿ "ಎಷ್ಟು ಬಂತಪ್ಪ" ಅಂತ ಅಲ್ಲಿನ ಹುಡುಗನ್ನ ಕೇಳ್ತಾಳೆ, ಅವನು ಹೇಳಿದ್ದನ್ನ ನಂಬಿಕೊಂಡು ಮನೆಗೆ ಬರ್ತಾಳೆ. ಆ ಹುಡುಗ ಸುಳ್ಳು ಹೇಳ್ತಾನೆ ಅಂತ ನಾನು ಅಂತಿಲ್ಲ. ಅವಳೇ ಓದಿಕೊಂಡರೆ ಅವಳಿಗೂ ಚೆಂದ, ಅವನಿಗೂ ಚೆಂದ. ಆದ್ದರಿಂದ ಗ್ರಾಫಿಕ್ ಎಲ್‌ಸಿಡಿಯೇ ಇರಲಿ, ಕನ್ನಡವೇ ಇರಲಿ.

ಇನ್ನು ಕೆಲಸಕ್ಕೆ ಬರೋಣ. ಅಂಗಡಿಯಲ್ಲಿ "128×64 ಕೊಡಿ" ಅಂದರೆ ಎರಡು ಜಾತಿಯ ಮಾಲು ಕೈಗೆ ಬರುತ್ತೆ. ಎಸ್‌.ಪಿ. ರೋಡಲ್ಲೂ ಅಷ್ಟೇ, ನಿಮ್ಮ ಊರಲ್ಲೂ ಅಷ್ಟೇ. ಒಂದು ಎಸ್‌ಟಿ7920, ಇನ್ನೊಂದು ಕೆಎಸ್0108. ಹೊರಗಿಂದ ನೋಡಿದರೆ ಅವಳಿ ಮಕ್ಕಳು, ಒಂದರ ಕೋಡ್ ಇನ್ನೊಂದಕ್ಕೆ ಆಗಲ್ಲ. ಹಿಂಬದಿ ಪಿನ್‌ಗಳ ಹೆಸರು ಓದು. ಪಿಎಸ್‌ಬಿ ಅಂತ ಇದ್ದರೆ ಮೊದಲನೆಯದು. ನಿನ್ನದರಲ್ಲಿ ಸಿಎಸ್1, ಸಿಎಸ್2 ಅಂತ ಇದೆ, ಫೋಟೋ ದೊಡ್ಡದು ಮಾಡಿ ನೋಡಿದೆ. ಅಂದರೆ ನಿನ್ನದು ಕೆಎಸ್0108 ಬಳಗ. ಆ ಚಿಪ್ ಸ್ಯಾಮ್‌ಸಂಗ್‌ನವರದ್ದು, ಅದಕ್ಕೆ ಹೊಂದುವ ಬೇರೆ ಚಿಪ್‌ಗಳೂ ಇವೆ, ನಿನ್ನ ಬೋರ್ಡಿನ ಕಪ್ಪು ಗುಂಡುಗಳ ಕೆಳಗೆ ಯಾವುದಿದ್ದರೂ ಆಜ್ಞೆಗಳು ಅವೇ. ಆದರೆ ಪಿನ್‌ಗಳ ಕ್ರಮ ಮಾತ್ರ ತಯಾರಕರಿಂದ ತಯಾರಕರಿಗೆ ಬದಲಾಗುತ್ತೆ. ಕೆಲವದರಲ್ಲಿ 1ನೇ ಪಿನ್ ಗ್ರೌಂಡ್, ಕೆಲವದರಲ್ಲಿ 5 ವೋಲ್ಟ್. ಇಂಟರ್‌ನೆಟ್‌ನಲ್ಲಿ ಸಿಕ್ಕ ಚಿತ್ರ ನೋಡಿ ಕರೆಂಟ್ ಕೊಡಬೇಡ, ನಿನ್ನ ಬೋರ್ಡಿನ ಮೇಲೆ ಏನು ಬರೆದಿದೆ ಅದನ್ನೇ ನಂಬು.

ಹಿಂದಿನ ದೀಪ ಉರಿಯೋದಕ್ಕೂ ಡಿಸ್‌ಪ್ಲೇ ಕೆಲಸ ಮಾಡೋದಕ್ಕೂ ಸಂಬಂಧವೇ ಇಲ್ಲ, ಅದು ಬರೀ ಒಂದು ಎಲ್‌ಇಡಿ. ನೋಡಬೇಕಾದ್ದು ಕಾಂಟ್ರಾಸ್ಟ್. ಎರಡು ಸಾಲಿನ ಎಲ್‌ಸಿಡಿಗೆ 5 ವೋಲ್ಟ್ ಮತ್ತು ಗ್ರೌಂಡ್ ನಡುವೆ ಪಾಟ್ ಹಾಕಿ ರೂಢಿ ನಿನಗೆ, ಇಲ್ಲೂ ಹಾಗೇ ಹಾಕಿದ್ದೀಯ. ಇದಕ್ಕೆ ಅದು ಸಾಲದು. ಈ ಗಾಜಿಗೆ ಸೊನ್ನೆಗಿಂತ ಕೆಳಗಿನ ವೋಲ್ಟೇಜ್ ಬೇಕು, ಬೋರ್ಡಿನ ಮೇಲೇ ಅದನ್ನ ತಯಾರಿಸೋ ಸರ್ಕ್ಯೂಟ್ ಇದೆ, ಅದು ನಿನ್ನ ಬೋರ್ಡಿನಲ್ಲಿ 18ನೇ ಪಿನ್‌ನಿಂದ ಹೊರಗೆ ಬರುತ್ತೆ. ಮೀಟರಿನ ಕಪ್ಪು ತಂತಿ ಗ್ರೌಂಡಿಗೆ, ಕೆಂಪು 18ಕ್ಕೆ ಇಡು. ಮೈನಸ್ ಐದರ ಆಸುಪಾಸು ಅಥವಾ ಇನ್ನೂ ಕೆಳಗೆ ತೋರಿಸಬೇಕು. ಪಾಟಿನ ಒಂದು ತುದಿ 5 ವೋಲ್ಟಿಗೆ, ಇನ್ನೊಂದು ತುದಿ ಈ 18ಕ್ಕೆ, ನಡುವಿನ ಕಾಲು 3ನೇ ಪಿನ್‌ಗೆ. ನಡುವಿನ ಕಾಲಿನಲ್ಲಿ ಮೈನಸ್ ಮೂರು ನಾಲ್ಕು ವೋಲ್ಟ್ ಬರೋ ಹಾಗೆ ತಿರುಗಿಸಿ ಬಿಡು, ಉಳಿದದ್ದು ಆಮೇಲೆ ಕಣ್ಣಳತೆಯಲ್ಲಿ. ರೀಸೆಟ್ ಪಿನ್ ಗಾಳಿಯಲ್ಲಿ ತೂಗಾಡ್ತಾ ಇದ್ದರೆ ಅದನ್ನೂ ಮೇಲಕ್ಕೆ ಕಟ್ಟು.

ಇಷ್ಟು ಮಾಡಿದ ಮೇಲೂ ಏನೂ ಕಾಣದಿದ್ದರೆ ಗಾಬರಿ ಆಗಬೇಡ. ರೀಸೆಟ್ ಆದ ಚಿಪ್ ಡಿಸ್‌ಪ್ಲೇ ಆಫ್ ಮಾಡಿಕೊಂಡೇ ಏಳುತ್ತೆ. ಆನ್ ಮಾಡು ಅಂತ ನೀನೇ ಹೇಳಬೇಕು, ಅದರ ಆಜ್ಞೆ ಹೆಕ್ಸ್‌ನಲ್ಲಿ 3ಎಫ್. ಗಾಜಿನ ಎಡಕ್ಕೊಂದು ಬಲಕ್ಕೊಂದು ಇರೋ ಎರಡೂ ಚಿಪ್‌ಗೆ ಕಳಿಸು. ಆಗ ಗಾಜಿನ ತುಂಬಾ ಅಡ್ಡಾದಿಡ್ಡಿ ಚುಕ್ಕಿಗಳು, ಕಸ ಕಸ ಕಾಣುತ್ತೆ. ಮೆಮೊರಿಯಲ್ಲಿ ಹುಟ್ಟುವಾಗಲೇ ಇದ್ದ ಕಸ ಅದು. ಹೋದ ವಾರ ನೀನು "ಒಂದ್ಸಲ ಏನೋ ಕಸ ಬಂತು, ಆಮೇಲೆ ಹೋಯ್ತು" ಅಂದೆಯಲ್ಲ, ನನಗೆ ಆಗಲೇ ಸಮಾಧಾನ ಆಯ್ತು. ಗಾಜು ನೆಟ್ಟಗಿದೆ, ಕಂಟ್ರೋಲರ್ ಮಾತು ಕೇಳ್ತಿದೆ ಅಂತ ಅದರರ್ಥ.

ಹಾಗಾದರೆ ಯಾಕೆ ಹೋಯ್ತು? ಇಲ್ಲೇ ನನಗೆ ಗುಮಾನಿ ಇರೋದು. ನೀನು ಎಂಟು ಡೇಟಾ ತಂತಿಗಳನ್ನ ಎಟಿಮೆಗಾ32 ಮೈಕ್ರೋಕಂಟ್ರೋಲರಿನ ಪೋರ್ಟ್ ಸಿಗೆ ಕೊಟ್ಟಿದ್ದೀಯ. ಆ ಚಿಪ್ ಫ್ಯಾಕ್ಟರಿಯಿಂದ ಬರುವಾಗಲೇ ಜೆಟ್ಯಾಗ್ ಅನ್ನೋ ಡೀಬಗ್ ವ್ಯವಸ್ಥೆ ಆನ್ ಆಗಿರುತ್ತೆ, ಅದು ಪೋರ್ಟ್ ಸಿಯ ನಡುವಿನ ನಾಲ್ಕು ಕಾಲು, ಪಿಸಿ2ರಿಂದ ಪಿಸಿ5ರವರೆಗೆ, ತನಗೇ ಇಟ್ಟುಕೊಂಡಿರುತ್ತೆ. ನೀನು ಕೋಡಿನಲ್ಲಿ ಏನೇ ಬರೆದರೂ ಆ ನಾಲ್ಕು ನಿನ್ನ ಮಾತು ಕೇಳಲ್ಲ. ನಂಬಬೇಡ, ಅಳೆದು ನೋಡು. ಪೋರ್ಟ್ ಸಿ ಪೂರ್ತಿ ಔಟ್‌ಪುಟ್, ಎಲ್ಲಾ ಸೊನ್ನೆ, ಆಮೇಲೆ ಖಾಲಿ ಲೂಪ್. ಅಷ್ಟೇ ಪ್ರೋಗ್ರಾಂ ಹಾಕು. ಎಲ್‌ಸಿಡಿ ತೆಗೆದಿಡು. ಈಗ ಚಿಪ್ಪಿನ 22ನೇ ಕಾಲಿನಿಂದ ಶುರು ಮಾಡಿ ಒಂದೊಂದೇ ಅಳಿ. 22 ಸೊನ್ನೆ. 23 ಸೊನ್ನೆ. 24ಕ್ಕೆ ಬಂದಾಗ ಮೀಟರ್ ಹತ್ತಿರ ಹತ್ತಿರ 5 ತೋರಿಸುತ್ತೆ. 25ರಲ್ಲೂ ಅಷ್ಟೇ. 26 ಒಂದು ಕಡೆ ನಿಲ್ಲಲ್ಲ, ಅದನ್ನ ಹಿಡಿಯೋರೇ ಇಲ್ಲ. 27 ಮತ್ತೆ 5. ಆಮೇಲೆ 28, 29 ತೆಪ್ಪಗೆ ಸೊನ್ನೆ. ಸೊನ್ನೆ ಬರೆದ ಕಡೆ 5 ವೋಲ್ಟ್ ಯಾಕೆ ಬಂತು ಅಂದರೆ, ಜೆಟ್ಯಾಗ್ ಆನ್ ಇದ್ದಾಗ ಪಿಸಿ2, ಪಿಸಿ3, ಪಿಸಿ5ರ ಒಳಗಿನ ಪುಲ್-ಅಪ್ ತಾನಾಗೇ ಆನ್ ಆಗುತ್ತೆ. ಡೇಟಾಶೀಟಿನಲ್ಲಿ ಇದು ಇದೆ, ಮುನ್ನೂರು ಚಿಲ್ಲರೆ ಪುಟದ ನಡುವೆ ಒಂದು ವಾಕ್ಯ.

ಆ ಒಂದ್ಸಲ 3ಎಫ್ ಕೆಲಸ ಮಾಡಿದ್ದೂ ಇದಕ್ಕೇ ಇರಬೇಕು. ಆ ಆಜ್ಞೆಯಲ್ಲಿ ಈ ನಾಲ್ಕು ಬಿಟ್ಟುಗಳೂ 1. ಪುಲ್-ಅಪ್ ಇರೋ ಮೂರು ಹೇಗೂ 1 ಆಗಿರುತ್ತೆ, ತೂಗಾಡೋ ಒಂದು ಅದೃಷ್ಟವಿದ್ದ ಹೊತ್ತಲ್ಲಿ 1 ಆಗುತ್ತೆ. ನೀನು ಕೊಟ್ಟ ಆಜ್ಞೆ ತಲುಪಿ ಆದದ್ದಲ್ಲ, ಕಾಕತಾಳೀಯ.

ಪರಿಹಾರ ಎರಡಿದೆ. ಒಂದು ಫ್ಯೂಸ್: ಹೈ ಫ್ಯೂಸ್ 99 ಇದ್ದದ್ದನ್ನ ಡಿ9 ಮಾಡಿದರೆ ಜೆಟ್ಯಾಗ್ ಆಫ್. ಆದರೆ ನಿನ್ನ ಚಿಪ್‌ನಲ್ಲಿ ಈಗ ಎಷ್ಟಿದೆ ಅಂತ ಮೊದಲು ಓದಿಕೊಂಡು, ಆ ಒಂದೇ ಬಿಟ್ ಬದಲಿಸು. ಲೋ ಫ್ಯೂಸ್ ಕಡೆ ತಲೆ ಹಾಕಬೇಡ, ಕ್ಲಾಕ್ ಅಲ್ಲಿದೆ, ಅದು ಕೆಟ್ಟರೆ ಪ್ರೋಗ್ರಾಮರ್ ಚಿಪ್ಪನ್ನೇ ಗುರುತಿಸಲ್ಲ. ಎರಡನೆಯದು ಫ್ಯೂಸ್ ಮುಟ್ಟದೆ ಕೋಡಿನಲ್ಲೇ: ಎಂಸಿಯುಸಿಎಸ್‌ಆರ್ ರಿಜಿಸ್ಟರಿನ ಜೆಟಿಡಿ ಬಿಟ್‌ಗೆ ಬೆನ್ನುಬೆನ್ನಿಗೆ ಎರಡು ಸಲ 1 ಬರೆಯಬೇಕು. ಎರಡು ಸಲ ಯಾಕೆ ಅಂದರೆ ಕೈತಪ್ಪಿ ಆಫ್ ಆಗಬಾರದು ಅಂತ, ನಾಲ್ಕು ಕ್ಲಾಕ್ ಒಳಗೆ ಎರಡನೇದೂ ಬರಬೇಕು. ನಾನಾದರೆ ನಿನ್ನ ಬೋರ್ಡಿಗೆ ಇದನ್ನೇ ಮಾಡ್ತೀನಿ. ಚಿಪ್ ಬದಲಾಯಿಸಿದರೂ ಕೋಡ್ ಜೊತೆಗೇ ಹೋಗುತ್ತೆ.

ಇನ್ನೊಂದು ನೋಡಬೇಕಾದ್ದು ವೇಗ. ಎಲ್‌ಸಿಡಿಯ ಇ ಅನ್ನೋ ಪಿನ್ ಮೇಲಿರೋ ಹೊತ್ತು ಕನಿಷ್ಠ 450 ನ್ಯಾನೋಸೆಕೆಂಡ್ ಇರಬೇಕು, ಕೆಳಗಿರೋ ಹೊತ್ತೂ ಅಷ್ಟೇ. ನಿನ್ನ 16 ಮೆಗಾಹರ್ಟ್ಸ್ ಕ್ರಿಸ್ಟಲ್‌ನಲ್ಲಿ ಒಂದು ಕ್ಲಾಕ್ 62.5 ನ್ಯಾನೋಸೆಕೆಂಡ್, ಅಂದರೆ ಎಂಟು ಕ್ಲಾಕ್ ಕಾಯಬೇಕು. ನಿನ್ನ ಗೆಳೆಯನ ಕೋಡ್ ಚಿಪ್ಪಿನ ಒಳಗಿನ 1 ಮೆಗಾಹರ್ಟ್ಸ್‌ನಲ್ಲಿ ಓಡಿದ್ದು, ಅವನಿಗೆ ಕಾಯೋ ಗೊಡವೆಯೇ ಬರಲಿಲ್ಲ. ನೀನು ಎರಡೂ ಕಡೆ ಒಂದೊಂದು ಮೈಕ್ರೋಸೆಕೆಂಡ್ ಡಿಲೇ ಹಾಕಿಬಿಡು. ಹಾಲಿನ ಲೆಕ್ಕ ತೋರಿಸೋಕೆ ಇದಕ್ಕಿಂತ ಅವಸರ ಏನಿದೆ.

ಆಮೇಲೆ ಲೈಬ್ರರಿ. ನಾನು ಲೈಬ್ರರಿ ಬೈತಿಲ್ಲ, ಯು8ಜಿ2 ನಮ್ಮ ಆಫೀಸಲ್ಲಿ ನಾವೂ ಹಾಕ್ತೀವಿ, ಬಹಳ ಒಳ್ಳೇ ಕೆಲಸ ಅದು. ಆದರೆ ಎಲ್ಲೋ ಒಂದು ಕಡೆ ಕರಿ ಗಾಜು ಎದುರಾದಾಗ ತಪ್ಪು ತಂತಿಯಲ್ಲೋ ಕೋಡಲ್ಲೋ ಅಂತ ಲೈಬ್ರರಿ ಹೇಳಲ್ಲ. ಅದನ್ನ ಸದ್ಯಕ್ಕೆ ಎತ್ತಿಡು. ನೀನೇ ಕೈಯಾರೆ ಒಂದೇ ಒಂದು ಚುಕ್ಕಿ ಹಾಕು, ಎಡ ಮೇಲ್ತುದಿಯಲ್ಲಿ. ಪುಟದ ಆಜ್ಞೆ ಬಿ8, ಕಾಲಂನ ಆಜ್ಞೆ 40, ಆಮೇಲೆ ಡೇಟಾ 01. ಡೇಟಾಶೀಟಿನಲ್ಲಿ ಕಾಲಂಗೆ ವೈ ಅಂತಲೂ ಪುಟಕ್ಕೆ ಎಕ್ಸ್ ಅಂತಲೂ ಬರೆದಿರ್ತಾರೆ, ನಾವು ಶಾಲೆಯಲ್ಲಿ ಕಲಿತದ್ದಕ್ಕೆ ಪೂರಾ ಉಲ್ಟಾ. ಯಾಕೆ ಅಂತ ಕೇಳಬೇಡ, ಹಾಗೇ ಒಪ್ಪಿಕೋ.

ಆ ಒಂದು ಚುಕ್ಕಿ ಬಂದರೆ ಮುಕ್ಕಾಲು ಕೆಲಸ ಮುಗೀತು. ಈಗ 01ರ ಬದಲು 80 ಕಳಿಸು, ಚುಕ್ಕಿ ಎಂಟನೇ ಸಾಲಿಗೆ ಇಳಿಯುತ್ತೆ. ಎಫ್‌ಎಫ್ ಕಳಿಸು, ಎಂಟು ಚುಕ್ಕಿಯ ನಿಂತ ಗೆರೆ. ಈ ಎಲ್‌ಸಿಡಿಯಲ್ಲಿ ಬೈಟ್ ಮಲಗಲ್ಲ, ನಿಂತುಕೊಳ್ಳುತ್ತೆ, ಕೊನೇ ಬಿಟ್ ಮೇಲೆ. 64 ಸಾಲು ಅಂದರೆ ಎಂಟು ಪುಟ, ಪುಟಕ್ಕೆ ಎಂಟು ಸಾಲು. ನೀನು ಪೇಂಟ್‌ನಲ್ಲಿ ಮಾಡಿದ ಚಿತ್ರ ಸಾಲು ಸಾಲಾಗಿ ಹೋಗುತ್ತೆ, ಅದನ್ನ ಹಾಗೇ ಸುರಿದರೆ ಎಂಟೆಂಟು ಸಾಲಿನ ಪಟ್ಟಿಗಳಲ್ಲಿ ಚೂರುಚೂರು ಕಾಣುತ್ತೆ. ತಿರುಗಿಸಿ ಕಳಿಸಬೇಕು.

ಇನ್ನು ಆ ಎರಡು ಚಿಪ್. ಗಾಜು ಒಂದೇ ಕಂಡರೂ ಒಳಗೆ ಪಾಲಾಗಿದೆ, ಅಣ್ಣತಮ್ಮಂದಿರು ನಡುವೆ ಗೋಡೆ ಎಬ್ಬಿಸಿಕೊಂಡ ಮನೆ ಹಾಗೆ. ಎಡಗಡೆ 64 ಕಾಲಂ ಸಿಎಸ್1ರದ್ದು, ಬಲಗಡೆ 64 ಸಿಎಸ್2ರದ್ದು, ಒಬ್ಬರದು ಇನ್ನೊಬ್ಬರು ಮುಟ್ಟಲ್ಲ. ಎಡಗಡೆ ಚಿಪ್ಪಿಗೆ 63ನೇ ಕಾಲಂ ಮುಗಿದ ಮೇಲೂ ಬರೀತಾ ಹೋದರೆ ಅದು ಪಕ್ಕಕ್ಕೆ ದಾಟಿಸಲ್ಲ, ತಿರುಗಿ ತನ್ನದೇ ಸೊನ್ನೆಗೆ ಬರುತ್ತೆ. ಪದದ ಬಾಲ ತಂದು ಪದದ ತಲೆ ಮೇಲೆ ಕೂರಿಸುತ್ತೆ. ಅಂಥದ್ದು ಕಂಡರೆ ಕೋಡ್ ಪೂರ್ತಿ ಕೆದಕಬೇಡ, 64 ಬಂದಾಗ ಚಿಪ್ ಬದಲಿಸಿದ್ದೀಯಾ ಅಂತ ಮಾತ್ರ ನೋಡು. ಸಿಮ್ಯುಲೇಟರಿನಲ್ಲಿ ಸರಿಯಾಗಿ ಬಂದು ಬೋರ್ಡಿನಲ್ಲಿ ಎಡಬಲ ಅದಲುಬದಲಾದರೆ ಸಿಎಸ್ ಪಿನ್ ಮೇಲಿದ್ದಾಗ ಕೆಲಸ ಮಾಡುತ್ತೋ ಕೆಳಗಿದ್ದಾಗಲೋ ನೋಡಿಕೋ, ಅದೂ ಮಾಡ್ಯೂಲಿನಿಂದ ಮಾಡ್ಯೂಲಿಗೆ ಬೇರೆ.

ಈಗ ನನಗೆ ಇಷ್ಟವಾದ ಭಾಗ, ಅಕ್ಷರ. ಈ ಎಲ್‌ಸಿಡಿಗೆ ಯಾವ ಭಾಷೆಯೂ ಬರಲ್ಲ, ಇಂಗ್ಲಿಷೂ ಬರಲ್ಲ. ಇದೇ ನಮಗೆ ಅನುಕೂಲ. "ಕನ್ನಡ ಸಪೋರ್ಟ್ ಇಲ್ಲ" ಅಂತ ಕೈ ಚೆಲ್ಲಬೇಕಾದ್ದೇನೂ ಇಲ್ಲಿಲ್ಲ, ಇಲ್ಲಿರೋದು 8192 ಚುಕ್ಕಿ ಅಷ್ಟೇ. ಕಂಪ್ಯೂಟರಿನಲ್ಲಿ ನೀನು 'ಫ್ಯಾ' ಅಂತ ಟೈಪ್ ಮಾಡಿದಾಗ ಒಳಗೆ ಹೋಗೋದು ಫ, ವಿರಾಮ, ಯ, ದೀರ್ಘ ಅಂತ ನಾಲ್ಕು ಸಂಕೇತ. ಅವನ್ನ ಕೂಡಿಸಿ, ಯ ಅನ್ನ ಒತ್ತು ಮಾಡಿ ಜಾಗದಲ್ಲಿ ಕೂರಿಸೋಕೆ ದೊಡ್ಡ ತಂತ್ರಾಂಶವೇ ಹಿಂದೆ ಕೂತಿರುತ್ತೆ. ನಿನ್ನ ಚಿಪ್ಪಿನ 2 ಕೆಬಿ ರ್ಯಾಮಿನಲ್ಲಿ ಅದನ್ನ ಓಡಿಸೋ ಹುಚ್ಚು ಬೇಡ. ಬೇಕಾದ ಪದ ಮೂರು. ಮೂರನ್ನೂ ಚಿತ್ರವಾಗಿಯೇ ಫ್ಲ್ಯಾಷ್‌ನಲ್ಲಿ ಇಡು. ಹಾಲು, ಫ್ಯಾಟ್, ರೂ.

ಎತ್ತರದ ಲೆಕ್ಕ ನಾನು ಮಾಡಿಟ್ಟಿದ್ದೀನಿ. 'ಹಾಲು' ಪದಕ್ಕೆ ಒತ್ತಿಲ್ಲ, 16 ಸಾಲು ಸಾಕು, ಎರಡು ಪುಟ. 'ಫ್ಯಾಟ್' ಒತ್ತು ಕೆಳಗಿಳಿಯುತ್ತೆ, ಮೇಲೆ 'ಟ್'ನ ಅರ್ಧಾಕ್ಷರದ ಗುರುತು ಬೇರೆ, ಅದಕ್ಕೆ 24, ಮೂರು ಪುಟ. ಉಳಿದ ಮೂರು ಪುಟ ರೂಪಾಯಿಗೆ. ರೂಪಾಯಿಗೆ ಒತ್ತಿಲ್ಲದಿದ್ದರೂ 24 ಕೊಡು, ಅಜ್ಜಿ ಮೊದಲು ನೋಡೋದು ಅದನ್ನೇ. 16, 24, 24 ಕೂಡಿದರೆ 64, ಒಂದು ಸಾಲೂ ವ್ಯರ್ಥ ಇಲ್ಲ. ಪದಗಳು ಪುಟದ ಅಂಚಿಗೇ ಶುರು ಆಗೋದರಿಂದ ಅಕ್ಕಪಕ್ಕದ ಚುಕ್ಕಿ ಉಳಿಸಿಕೊಳ್ಳೋ ತಲೆನೋವೂ ಇಲ್ಲ, ಇಡೀ ಪರದೆಯ ನಕಲು ಅಂತ 1024 ಬೈಟ್ ರ್ಯಾಮ್ ತಿನ್ನಿಸಬೇಕಾಗಿಲ್ಲ. 40 ಚುಕ್ಕಿ ಅಗಲದ 'ಫ್ಯಾಟ್'ಗೆ 120 ಬೈಟ್ ಆಗುತ್ತೆ, ನಿನ್ನ 32 ಕೆಬಿ ಫ್ಲ್ಯಾಷ್‌ಗೆ ಅದು ಲೆಕ್ಕಕ್ಕೇ ಇಲ್ಲ.

ಫಾಂಟನ್ನ ಕುಗ್ಗಿಸಿ ಚಿತ್ರ ಮಾಡೋಕೆ ಪೈಥಾನ್ ಬರೆದಿದ್ದೀಯಂತೆ, ಒತ್ತು ಪಕ್ಕಕ್ಕೆ ಬಂದು ಕೂತಿದೆ ಅಂದೆ. ಪಿಲ್ಲೋದಲ್ಲಿ ರಾಕ್ಮ್ ಲೇಔಟ್ ಇಲ್ಲದಿದ್ದರೆ ಕನ್ನಡದ ಒತ್ತು ಕೂಡಲ್ಲ, ಅದನ್ನ ಹಾಕಿಕೊಂಡರೆ ಸರಿಹೋಗುತ್ತೆ. ಆದರೂ ನನ್ನ ಮಾತು ಕೇಳೋದಾದರೆ ಗ್ರಾಫ್ ಹಾಳೆ ತಗೊಂಡು ಪೆನ್ಸಿಲಿನಲ್ಲಿ ಬರಿ. ಕುಗ್ಗಿಸಿದ ಫಾಂಟ್‌ಗೆ ಯಾವ ಚುಕ್ಕಿ ಮುಖ್ಯ ಅಂತ ಗೊತ್ತಾಗಲ್ಲ. ಪ ಮತ್ತು ಫ ನಡುವೆ ಇರೋ ವ್ಯತ್ಯಾಸ ಕೆಳಗಿನ ಆ ಪುಟ್ಟ ಸೀಳು. ಒಂದು ಚುಕ್ಕಿ ಅಗಲ, ಎರಡು ಚುಕ್ಕಿ ಉದ್ದ ಇಟ್ಟರೆ ಕಾಣುತ್ತೆ, ಕಂಪ್ಯೂಟರ್ ಅದನ್ನ ನುಂಗಿಬಿಟ್ಟರೆ ಅಜ್ಜಿ 'ಪ್ಯಾಟ್' ಅಂತ ಓದಿ ನಗ್ತಾಳೆ. ದುಂಡಗಿನ ಭಾಗಗಳಿಗೆ ಗೆರೆ ಎರಡು ಚುಕ್ಕಿ ದಪ್ಪ ಇರಲಿ, ತಲೆಕಟ್ಟಿಗೆ ಒಂದೇ ಸಾಕು. 'ಹಾ' ಒಳಗಿನ ಖಾಲಿ ಜಾಗ ಮುಚ್ಚಿಹೋಗದ ಹಾಗೆ ನೋಡಿಕೋ. ಬರೆದದ್ದನ್ನ ಗೋಡೆಗೆ ಅಂಟಿಸಿ ದೂರ ನಿಂತು ಕಣ್ಣು ಕಿರಿದು ಮಾಡಿ ನೋಡು. ಅಂಕಿ ಕನ್ನಡದ್ದೋ ಇಂಗ್ಲಿಷಿನದ್ದೋ ಅಂತ ನನ್ನನ್ನ ಕೇಳಿದ್ದೀಯ. ನೋಟಿನ ಮೇಲೆ, ಕ್ಯಾಲೆಂಡರಿನಲ್ಲಿ ಅವಳಿಗೆ ಯಾವುದು ರೂಢಿ ಅಂತ ಅವಳನ್ನೇ ಕೇಳು.

ರಿಪೋರ್ಟಿನ ಮೊದಲ ಅಧ್ಯಾಯಕ್ಕೆ ಎಲ್ಲಿಂದಲೋ ಕಾಪಿ ಹೊಡೆಯೋ ಬದಲು ಒಂದು ವಿಷಯ ಸೇರಿಸು. ದ್ರವಸ್ಫಟಿಕ ಮೊದಲು ಗಮನಕ್ಕೆ ಬಂದದ್ದು 1888ರಲ್ಲಿ, ಎರಡು ಸಲ ಕರಗೋ ಒಂದು ವಸ್ತುವನ್ನ ರೈನಿಟ್ಜರ್ ನೋಡಿದಾಗ. ಅದನ್ನ ಎಲ್ಲರೂ ಬರೀತಾರೆ. ಆದರೆ ಕಡ್ಡಿಯಂಥ ಅಣುಗಳಷ್ಟೇ ಅಲ್ಲ, ತಟ್ಟೆಯಂಥ ಅಣುಗಳೂ ದ್ರವಸ್ಫಟಿಕ ಆಗ್ತವೆ ಅಂತ 1977ರಲ್ಲಿ ತೋರಿಸಿದ್ದು ನಮ್ಮ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ, ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಸೇರಿ. ಚಂದ್ರಶೇಖರ್ ಅದಕ್ಕೆ ಮುಂಚೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದವರು, ಸಿ.ವಿ. ರಾಮನ್ ಅವರ ಸೋದರಳಿಯ. ನೊಬೆಲ್ ಬಂದ ಚಂದ್ರಶೇಖರ್ ಬೇರೆ, ಅವರೂ ರಾಮನ್ ಮನೆತನದವರೇ, ಒಬ್ಬರ ಫೋಟೋ ಇನ್ನೊಬ್ಬರ ಹೆಸರಿನ ಕೆಳಗೆ ಹಾಕಬೇಡ. ನಿನ್ನ ಗಾಜಿನೊಳಗಿರೋದು ಕಡ್ಡಿ ಜಾತಿಯದ್ದು, ಅದನ್ನೂ ಸರಿಯಾಗಿ ಬರಿ.

ಡೈರಿಯ ಹಾಲಿನ ಅನಲೈಜರ್‌ಗೆ ತಂತಿ ಎಳೆಯೋ ಯೋಚನೆ ಈಗ ಬೇಡ. ಸದ್ಯಕ್ಕೆ ಕೀಪ್ಯಾಡಿನಲ್ಲಿ ಒತ್ತಿದ ಅಂಕಿ ಪರದೆಗೆ ಬಂದರೆ ಸಾಕು. ಅನಲೈಜರ್ ಡೈರಿಯವರ ಯಂತ್ರ, ಅಲ್ಲಿನ ಕಾರ್ಯದರ್ಶಿಯನ್ನ ಕೇಳದೆ ಹಿಂದಿನ ಪೋರ್ಟಿಗೆ ಕೈ ಹಾಕಬಾರದು. ಪರದೆ ನೋಡಿದರೆ ಅವರೇ ಕರೀತಾರೆ.

ನಾಳೆ ರಾತ್ರಿ ಬಸ್ಸಿಗೆ ಒಂದು ಪಾರ್ಸೆಲ್ ಕೊಡ್ತೀನಿ, ಬೆಳಿಗ್ಗೆ ಸ್ಟ್ಯಾಂಡಿಗೆ ಹೋಗಿ ಇಸಿದುಕೋ. 20 ಕೆ ಪಾಟ್, 20 ಕಾಲಿನ ಹೆಡರ್ ಪಟ್ಟಿ, ಗ್ರಾಫ್ ಹಾಳೆ ಇಟ್ಟಿದ್ದೀನಿ. ಹೆಡರ್ ಬೆಸುಗೆ ಹಾಕುವಾಗ ಒಂದೊಂದು ಕಾಲಿಗೆ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಕಾಯಿಸಬೇಡ, ತಾಮ್ರ ಎದ್ದು ಬರುತ್ತೆ. ಅಜ್ಜಿಯ ಮಂಡಿ ಎಣ್ಣೆ ಬಾಟಲೂ ಅದರಲ್ಲೇ ಇದೆ, ಹಾಳೆಗೆ ತಾಗದ ಹಾಗೆ ಪ್ಲಾಸ್ಟಿಕ್ ಸುತ್ತಿದ್ದೀನಿ. 18ನೇ ಪಿನ್ನಿನಲ್ಲಿ ಎಷ್ಟು ಬಂತು, 24ನೇ ಕಾಲಿನಲ್ಲಿ ಎಷ್ಟು ಬಂತು, ಎರಡೂ ಬರೆದು ಕಳಿಸು. ಊಟ ಬಿಟ್ಟು ಕೂರಬೇಡ, ಅಕ್ಕ ನನಗೇ ಬೈತಾಳೆ.

ನಿನ್ನ
ಚಿಕ್ಕಮ್ಮ